ಎತ್ತಲಾ ಅಮ್ಮಾ?

ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಒಂದು ಪ್ರಶ್ನೆಯಿಂದ.

“ಎತ್ತಲಾ ಅಮ್ಮಾ?”

“ಎತ್ತು.”

ಇಷ್ಟಾದ ಮೇಲೆಯೇ ಚಹಾಕ್ಕೆ ನೀರಿಡುವುದು, ಬಚ್ಚಲಿಗೆ ಸರದಿ ಹಚ್ಚುವುದು, ಕಾಲೇಜಿಗೆ ಹೋಗುವ ಮಗಳನ್ನು ಕೂಗಿ ಕೂಗಿ ಎಬ್ಬಿಸುವುದು. ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡ ಮೇಲೆ ಅತ್ತೆಯ ಕಾಲುಗಳು ಮತ್ತೆ ಹತೋಟಿಗೆ ಬಂದಿರಲಿಲ್ಲ. ನಾಲಿಗೆಗೆ ಮಾತ್ರ ಯಾವ ಪೆಟ್ಟೂ ಆಗಿರಲಿಲ್ಲ, ಕಾಲಿನ ಪಾಲಿನ ಕೆಲಸವನ್ನೂ ಅದೇ ಮಾಡುತ್ತಿತ್ತು. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ ಅವರನ್ನು ಎತ್ತಿ ಇಳಿಸುವವನು ಮಗ. ಅವನು ನಗರ ಕಚೇರಿಯ ಬಾಗಿಲು ಕಾಯುವ ಗಾರ್ಡು. ಕಚೇರಿ ಎರಡು ಬೀದಿಯ ಆಚೆ ಇದ್ದದ್ದರಿಂದ ಮಧ್ಯಾಹ್ನದ ಬಿಡುವಿನಲ್ಲೂ ಓಡಿ ಬಂದು ಒಮ್ಮೆ ಎತ್ತಿ, ನಿಂತಲ್ಲೇ ನಾಲ್ಕು ತುತ್ತು ತಿಂದು ಓಡುತ್ತಿದ್ದ.

ಸೊಸೆಗೆ ಗಂಡನ ಮೇಲೆ ಸಾವಿರ ದೂರುಗಳಿದ್ದವು. ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯುತ್ತಾನೆ, ಉಪ್ಪು ಕಮ್ಮಿಯಾದರೆ ಊಟ ಮುಗಿದ ಮೇಲೆ ಹೇಳುತ್ತಾನೆ. ಆದರೆ ಅವನು ತಾಯಿಯನ್ನು ಎತ್ತುವುದನ್ನು ನೋಡಿದಾಗಲೆಲ್ಲ ಆ ದೂರುಗಳಲ್ಲಿ ಅರ್ಧ ಮರೆತುಹೋಗುತ್ತಿದ್ದವು. ಎತ್ತುವುದನ್ನು ಅವನಿಗೆ ಕಲಿಸಿದವರು ಬೀದಿ ಕೊನೆಯ ಸಣ್ಣ ಆರೋಗ್ಯ ಕೇಂದ್ರದ ನರ್ಸಮ್ಮ. ಅವರೇ ಮನೆಗೆ ಬಂದು, ಮಂಚದ ಪಕ್ಕ ನಿಂತು ತೋರಿಸಿಕೊಟ್ಟಿದ್ದರು. “ಮೊದಲು ಕೇಳು. ಕೇಳದೆ ಕೈ ಹಾಕಿದ್ರೆ ಮೈ ಬಿಗಿ ಹಿಡಿಯುತ್ತೆ, ಎತ್ತೋನ ಬೆನ್ನೂ ಹೋಗುತ್ತೆ. ಎತ್ತು ಅಂತ ಅವರ ಬಾಯಿಂದಲೇ ಬರಲಿ. ಆಮೇಲೆ ಮಂಡಿ ಮಡಿಸು, ಬೆನ್ನಲ್ಲ.” ಅಂದಿನಿಂದ ಆ ಪ್ರಶ್ನೆ ಒಂದು ದಿನವೂ ತಪ್ಪಿರಲಿಲ್ಲ. ಅತ್ತೆಗೆ ಜ್ವರ ಬಂದಾಗಲೂ, ತಾಯಿ ಮಗನಿಗೆ ಜಗಳವಾದಾಗಲೂ ಅವನು ಕೇಳಿಯೇ ಎತ್ತುತ್ತಿದ್ದ.

ಆ ಆರೋಗ್ಯ ಕೇಂದ್ರಕ್ಕೆ ಬೀಗ ಬಿತ್ತು. ದೊಡ್ಡಾಸ್ಪತ್ರೆ ಇದೆಯಲ್ಲ, ಎರಡು ಬಸ್ಸು ಬದಲಾಯಿಸಿದರೆ ಆಯಿತು ಎಂದು ಕಚೇರಿಯವರು ಹೇಳಿದರು. ಹೇಳಿದವರು ಯಾರೂ ಬಸ್ಸಿನಲ್ಲಿ ಓಡಾಡುವವರಲ್ಲ. ಆಗಲೇ ನಿವೃತ್ತಿಯಾಗಿದ್ದ ನರ್ಸಮ್ಮ ಬೀಗ ತೆಗೆಯುವ ತನಕ ಏಳುವುದಿಲ್ಲ ಎಂದು ನಗರ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಘೋಷಣೆ ಇಲ್ಲ, ಮೈಕಿಲ್ಲ. ಪಕ್ಕದಲ್ಲಿ ಒಂದು ರಟ್ಟಿನ ಫಲಕ, ಒಂದು ನೀರಿನ ಬಾಟಲಿ, ಕೈಯಲ್ಲಿ ಹೆಣೆಯುವ ಉಣ್ಣೆ ದಾರ. ದಾರಿಯಲ್ಲಿ ಹೋಗುವವರು ಮಾತಾಡಿಸಿದರೆ ಅವರ ಮಕ್ಕಳ ಕೆಮ್ಮು ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಗಂಡ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದ. ಸಂಬಳದ ದಿನ ಬಿಟ್ಟರೆ ಅವನು ಬೇಕರಿಯ ಕಡೆ ತಲೆ ಹಾಕುವವನಲ್ಲ.

“ಏನಪ್ಪಾ ವಿಶೇಷ?” ಎಂದು ಮಗಳು ಪೊಟ್ಟಣಕ್ಕೆ ಕೈ ಹಾಕಿದಳು. ಅವಳಿಗೆ ಅಜ್ಜಿ ಇಟ್ಟ ಹೆಸರು ಮೆಣಸಿನಕಾಯಿ, ನೋಡಲು ಸಣ್ಣಗೆ, ಬಾಯಿ ಬಿಟ್ಟರೆ ಖಾರ.

“ಸಾಹೇಬ್ರು ಇವತ್ತು ಎಲ್ಲರ ಮುಂದೆ ಹೊಗಳಿದ್ರು.”

“ಯಾಕಂತೆ?” ಸೊಸೆ ಬೇಯಿಸಿದ ಆಲೂಗಡ್ಡೆ ಸುಲಿಯುತ್ತಾ ಕೇಳಿದಳು.

“ನರ್ಸಮ್ಮನ್ನ ಮೆಟ್ಟಿಲಿಂದ ಎತ್ತಿ ಗೇಟಿನಾಚೆ ಬೆಂಚಿನ ಮೇಲೆ ಕೂರಿಸ್ದೆ. ಒಂದು ಗೀರು ಬಿದ್ದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಚಪ್ಪಲಿ ಜಾರಿ ಬಿದ್ದಿತ್ತು, ವಾಪಸ್ ಹೋಗಿ ಅದನ್ನೂ ತಂದು ಕಾಲಿಗೆ ಹಾಕ್ದೆ.”

ಮಗಳ ಕೈಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. “ಅಪ್ಪಾ! ನರ್ಸಮ್ಮನ್ನಾ?”

“ಮತ್ತೇನ್ ಮಾಡ್ಲಿ? ಎತ್ತಿಸಿ ಅಂತ ಸಾಹೇಬ್ರಿಗೆ ಮೇಲಿಂದ ಫೋನು. ನಾನು ಎತ್ತದಿದ್ರೆ ಗೂಳಿ ಎಳೀತಿದ್ದ.” ಗೂಳಿ ಅವನ ಜೊತೆಯ ಗಾರ್ಡು. ಅವನ ಕತ್ತು ತಲೆಗಿಂತ ಅಗಲ, ಕೊಟ್ಟ ಕೆಲಸವನ್ನು ಎರಡು ಸಲ ಯೋಚಿಸದೆ ಮಾಡುವವನು. “ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಾನು ಮಾಡಿದ್ದು ಅದೇ.”

ಅತ್ತೆ ಕುರ್ಚಿಯಲ್ಲೇ ಮಗನ ಕಡೆ ತಿರುಗಿದರು.

“ಕೇಳಿದ್ಯಾ?”

“ಏನಮ್ಮಾ?”

“ಎತ್ತೋಕೆ ಮುಂಚೆ ಅವರನ್ನ ಕೇಳಿದ್ಯಾ ಅಂದೆ.”

“ಕೇಳದೆ ಇರ್ತೀನಾ? ಅಭ್ಯಾಸ ಬಿಡುತ್ತಾ? ಎತ್ತಲಾ ನರ್ಸಮ್ಮಾ ಅಂದೆ.”

“ಏನಂದ್ರು?”

“ಬೇಡ ಅಂದ್ರು.”

“ಆಮೇಲೆ?”

“ಆಮೇಲೇನು, ಎತ್ತಿದೆ. ನೋಡಮ್ಮಾ, ಬಾಯಲ್ಲಿ ಬೇಡ ಅಂದ್ರೂ ಮೈ ಬಿಟ್ಟುಕೊಟ್ರು. ಹತ್ತಿ ಮೂಟೆ ಹಾಗೆ ಸಡಿಲ ಇದ್ರು. ಮನಸ್ಸಿಲ್ಲದೋರು ಮೈ ಬಿಗಿ ಹಿಡೀತಾರೆ ಅಂತ ಅವರೇ ತಾನೇ ಹೇಳಿಕೊಟ್ಟಿದ್ದು? ಅವರಿಗೂ ಕೂತು ಕೂತು ಸಾಕಾಗಿತ್ತು ಅನ್ಸುತ್ತೆ. ಏಳೋಕೆ ಒಂದು ನೆಪ ಬೇಕಿತ್ತು.”

ಅತ್ತೆ ತಮ್ಮ ಮುಂದಿದ್ದ ಬಿಸ್ಕತ್ತನ್ನು ತಟ್ಟೆಯ ಸಮೇತ ದೂರ ಸರಿಸಿದರು. ಸೊಸೆ ಬಿಸ್ಕತ್ತನ್ನು ಡಬ್ಬಿಗೆ ಹಾಕಿ ಗಟ್ಟಿಯಾಗಿ ಮುಚ್ಚಿದಳು.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಗಂಡ ತೋಳು ಮಡಿಸಿಕೊಂಡು ಮಂಚದ ಪಕ್ಕ ನಿಂತ.

“ಎತ್ತಲಾ ಅಮ್ಮಾ?”

“ಬೇಡ.”

ಅವನು ನಕ್ಕ. “ಯಾಕೆ, ಇನ್ನೂ ನಿದ್ದೆನಾ?”

“ನಿದ್ದೆ ಬಿಟ್ಟಿದೆ. ಬೇಡ ಅಂದೆ. ಈಗೇನ್ ಮಾಡ್ತೀಯ?”

ಗಂಡ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅರ್ಧ ಚಾಚಿದ ಅವನ ಕೈಗಳು ಹಾಗೇ ಇದ್ದವು. ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲಿತು, ಯಾರೂ ಆ ಕಡೆ ಹೋಗಲಿಲ್ಲ.

“ಅಮ್ಮಾ, ಡ್ಯೂಟಿಗೆ ಹೊತ್ತಾಗುತ್ತೆ.”

“ಹೋಗು. ಯಾರು ತಡೆದ್ರು? ನನ್ನ ಸೊಸೆ ಎತ್ತುತ್ತಾಳೆ.”

ಸೊಸೆ ಬೆಚ್ಚಿಬಿದ್ದಳು. ಅವಳ ಎತ್ತರ ಅತ್ತೆಯ ಭುಜದವರೆಗೆ, ತೂಕ ಅತ್ತೆಯ ಅರ್ಧ. “ನಾನಾ?” ಎಂದಳು. ಗಂಡ ಬೂಟು ಹಾಕಿಕೊಂಡು ಚಹಾ ಕುಡಿಯದೆ ಹೊರಟುಹೋದ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಮನೆಯಲ್ಲಿ ತಾಯಿ ಮಗನ ಜಗಳಕ್ಕೆ ಸೊಸೆ ಬಡವಾದಳು. ಬೆಳಿಗ್ಗೆ ಅವಳೂ ಮಗಳೂ ಎರಡು ಕಡೆ ನಿಂತು, ಗೋಣಿಚೀಲ ಎತ್ತುವವರ ಹಾಗೆ ಉಸಿರು ಬಿಗಿಹಿಡಿದು ಅತ್ತೆಯನ್ನು ಕುರ್ಚಿಗೆ ದಾಟಿಸುತ್ತಿದ್ದರು. ಒಮ್ಮೆ ಅರ್ಧ ದಾರಿಯಲ್ಲಿ ಮಗಳಿಗೆ ನಗು ಬಂದು ಮೂವರೂ ಮಂಚದ ಮೇಲೆ ಬಿದ್ದರು. ಅತ್ತೆ ಬಿದ್ದಲ್ಲಿಂದಲೇ, “ಮೆಣಸಿನಕಾಯಿ, ನಗ್ತಾ ನಗ್ತಾ ನನ್ನ ಸಾಯಿಸಬೇಡ್ವೇ” ಎಂದು ತಾವೂ ನಕ್ಕರು. ಪಕ್ಕದ ಕೋಣೆಯಲ್ಲಿ ಗಂಡ ಬೆಲ್ಟಿನ ಬಕಲು ಹಾಕುತ್ತಾ ನಿಂತಿದ್ದ. ಆ ನಗುವಿನಲ್ಲಿ ತನಗೆ ಪಾಲಿಲ್ಲ ಎನ್ನುವುದು ಅವನ ಮುಖದಲ್ಲಿ ಬರೆದ ಹಾಗೆ ಕಾಣುತ್ತಿತ್ತು. ಸೊಸೆಗೆ ಪಾಪ ಅನ್ನಿಸಿತು. ಸೊಂಟ ಚುಳ್ ಎಂದಾಗ ಆ ಪಾಪವೂ ಹೋಯಿತು.

ಸೊಸೆ ಕೆಲಸ ಮಾಡುತ್ತಿದ್ದದ್ದು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ. ದಿನವಿಡೀ ಬಗ್ಗಿ ಕೂತು ಹೊಲಿದು ಬಂದವಳಿಗೆ ಸಂಜೆ ಮತ್ತೆ ಎತ್ತುವ ಕೆಲಸ. ಮಧ್ಯಾಹ್ನ ಗಂಡನ ಬದಲು ಅವಳೇ ಓಡಿ ಬರಬೇಕಾಯಿತು. ಅಂಗಡಿಯ ಯಜಮಾನಿ, “ಏನಮ್ಮಾ, ಮಷಿನ್ನು ನಿಂಗೋಸ್ಕರ ಕಾಯ್ಕೊಂಡು ಕೂತಿರುತ್ತಾ?” ಎಂದು ಮುಖ ಗಂಟುಹಾಕತೊಡಗಿದಳು.

ನರ್ಸಮ್ಮ ಮರುದಿನವೇ ಮೆಟ್ಟಿಲಿಗೆ ವಾಪಸು ಬಂದಿದ್ದರು. ಸಾಹೇಬರಿಗೆ ಈಗ ಸುಲಭದ ದಾರಿ ಸಿಕ್ಕಿತ್ತು. ಮೇಲಿನವರು ಬರುವ ದಿನ, ಸಭೆ ಇರುವ ದಿನ, ಕಿಟಕಿಯಿಂದಲೇ ಗಂಡನಿಗೆ ಕಣ್ಸನ್ನೆ ಮಾಡುತ್ತಿದ್ದರು. ಅವನು ಹೋಗಿ ಕೇಳುವನು, ಅವರು ಬೇಡ ಎನ್ನುವರು, ಅವನು ಎತ್ತಿ ಬೆಂಚಿಗೆ ಬಿಡುವನು. ಇವನು ಬಾಗಿಲಿಗೆ ಮರಳಿ ಸ್ವಲ್ಪ ಹೊತ್ತಿಗೆ ಅವರೂ ಚಪ್ಪಲಿ ಸರಿಮಾಡಿಕೊಂಡು ಮೆಟ್ಟಿಲಿಗೆ ಮರಳುವರು.

ಊಟದ ಹೊತ್ತಿನಲ್ಲಿ ಅದೇ ಮಾತು. ಅನ್ನಕ್ಕೆ ಬೇಳೆ ಬೀಳುವ ಮೊದಲೇ ಜಗಳ ಬಿದ್ದಿರುತ್ತಿತ್ತು.

“ಅಮ್ಮಾ, ನೀನು ಒಂದು ಕಡೆ ಮಾತ್ರ ನೋಡ್ತೀಯ. ಕಚೇರಿಗೆ ಇರೋದು ಒಂದೇ ಬಾಗಿಲು. ಅವರು ಮೆಟ್ಟಿಲ ನಡುವೆ ಕೂತ್ರೆ ಜನ ಎಲ್ಲಿಂದ ಹೋಗ್ಬೇಕು? ಮೊನ್ನೆ ಕೋಲು ಹಿಡಿದ ಅಜ್ಜ ಒಬ್ರು ಸುತ್ತು ಹಾಕಿ ಹತ್ತೋಕಾಗ್ದೆ ವಾಪಸ್ ಹೋದ್ರು. ಅವರಿಗೆ ಕಷ್ಟ ಇಲ್ವಾ?”

“ಆ ಅಜ್ಜನ್ನ ಕೇಳಿ ಎತ್ಕೊಂಡು ಒಳಗೆ ಬಿಡಬೇಕಿತ್ತು. ನಿಂಗೆ ಎತ್ತೋದು ಬರುತ್ತಲ್ಲ.”

ಮಗಳು ಕಿಸಕ್ಕನೆ ನಕ್ಕಳು. “ಅಜ್ಜಿಗೆ ಒಂದು ಪಾಯಿಂಟು.”

“ನೀನು ಬಾಯ್ಮುಚ್ಕೊಂಡು ಊಟ ಮಾಡು! ನಿನ್ನ ಫೀಸು ಆ ಬಾಗಿಲಿಂದಲೇ ಬರೋದು.”

“ಹಾಗಂತ ನರ್ಸಮ್ಮನ್ನ ಹೊತ್ಕೊಂಡು ಹೋಗಿ ಎಸೀಬೇಕಾ?”

“ಎಸೆದ್ನಾ? ಎಸೆದ್ನಾ ನಾನು?” ಅವನ ದನಿ ಏರಿತು. “ಹೊಡೆದಿಲ್ಲ, ಬೈದಿಲ್ಲ, ಎಳೆದಿಲ್ಲ. ನಿಮ್ಮಜ್ಜಿನ ಎತ್ತೋ ಹಾಗೇ ಎತ್ತಿದೀನಿ!”

“ಅದೇ ಕಣೋ ನಂಗೆ ಹೊಟ್ಟೆ ಉರಿಯೋದು,” ಅತ್ತೆ ಮೆಲ್ಲಗೆ ಹೇಳಿದರು. “ನನ್ನ ಎತ್ತೋ ಹಾಗೇ ಎತ್ತಿದೀಯ. ನಾಳೆ ನೀನು ನನ್ನ ಕೇಳಿದಾಗ ಆ ಕೇಳೋದಕ್ಕೆ ಏನು ಬೆಲೆ? ನಾನು ಬೇಡ ಅಂದ್ರೂ ಎತ್ತೋನು, ಸುಮ್ನೆ ಮರ್ಯಾದೆಗೆ ಕೇಳ್ತಿದಾನೆ ಅಂತ ತಾನೇ ಆಯ್ತು?”

“ನಿನ್ನ ವಿಷ್ಯ ಬೇರೆ.”

“ಕಾಲಿಲ್ಲದೋಳ ಹತ್ರ ಇರೋದೇ ಆ ಒಂದು ಮಾತು. ಅಲ್ಲಿ ಕೂತಿರೋ ಅವರ ಹತ್ರಾನೂ ಅಷ್ಟೇ. ಬೇರೆ ಏನಿದೆ?”

ಸೊಸೆ ಸೌಟನ್ನು ಪಾತ್ರೆಗೆ ಬಡಿದಳು. “ಅಮ್ಮ, ಮಗ ಇಬ್ರೂ ನ್ಯಾಯ ಮಾತಾಡಿ, ಬೇಡ ಅನ್ನಲ್ಲ. ನನ್ನ ಸೊಂಟ ಯಾವ ಪಕ್ಷ ಅಂತ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಆ ರಾತ್ರಿ ಪಾತ್ರೆಗಳನ್ನು ಗಂಡ ತೊಳೆದ.

ಸೊಂಟ ತೀರ ಹಟ ಹಿಡಿದ ಮೇಲೆ ಸೊಸೆ ಒಂದು ಮಧ್ಯಾಹ್ನ ಅಂಗಡಿಯಿಂದ ನೇರ ಕಚೇರಿಯ ಕಡೆ ನಡೆದಳು. ಅಂದು ಎತ್ತುವ ದಿನವಾಗಿತ್ತು, ಆದ್ದರಿಂದ ನರ್ಸಮ್ಮ ಗೇಟಿನ ಆಚೆಯ ಬೆಂಚಿನ ಮೇಲಿದ್ದರು, ಮಡಿಲಲ್ಲಿ ಅರ್ಧ ಹೆಣೆದ ನೀಲಿ ಟೋಪಿ. ದೂರದಲ್ಲಿ ಗಂಡ ಬಾಗಿಲ ಬಳಿ ನಿಂತಿದ್ದವನು ಇವಳನ್ನು ಕಂಡು ತಟ್ಟನೆ ಬೇರೆ ಕಡೆ ತಿರುಗಿದ.

“ನಿಮ್ಮ ಮುಖ ನೋಡೋಕೆ ನಾಚಿಕೆ ಆಗುತ್ತೆ ನರ್ಸಮ್ಮಾ.”

“ನೀನು ಎತ್ತಿದ್ಯಾ? ಇಲ್ವಲ್ಲ. ಕೂತ್ಕೋ. ಯಾಕೆ ಹೀಗೆ ಓಲಾಡ್ಕೊಂಡು ನಡೀತೀಯ?”

ಸೊಸೆ ಎಲ್ಲ ಹೇಳಿದಳು. ಅತ್ತೆಯ ಹಟ ಕೇಳಿ ನರ್ಸಮ್ಮ ಸೂಜಿ ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದರು. ನಕ್ಕರೋ ಅತ್ತರೋ ಸೊಸೆಗೆ ತಿಳಿಯಲಿಲ್ಲ. ಆಮೇಲೆ ಅಲ್ಲೇ ಪಾದಚಾರಿ ದಾರಿಯ ಮೇಲೆ ಎತ್ತುವ ಪಾಠ ಶುರುವಾಯಿತು. ಎಲ್ಲಿ ಕೈ ಇಡಬೇಕು, ಕಾಲು ಎಷ್ಟು ಅಗಲ, ಕುರ್ಚಿ ಯಾವ ಕಡೆ ಓರೆಯಾಗಿರಬೇಕು. “ನನ್ನೇ ಎತ್ತಿ ನೋಡು” ಎಂದರು.

“ಎತ್ತಲಾ?”

“ಎತ್ತು.”

ಸೊಸೆ ಮಂಡಿ ಮಡಿಸಿದಳು. ನರ್ಸಮ್ಮನ ಮೈ ಎಷ್ಟು ಹಗುರವಾಗಿ ಬಂತೆಂದರೆ ಅವಳಿಗೇ ನಂಬಿಕೆ ಬರಲಿಲ್ಲ. “ನಮ್ಮನೆಯವರೂ ಹೀಗೇ ಅಂದ್ರು,” ಎಂದು ಬಾಯಿಬಿಟ್ಟಳು. “ನೀವು ಬೇಡ ಅಂದ್ರೂ ಮೈ ಬಿಟ್ಟುಕೊಟ್ರಿ, ನಿಮಗೂ ಏಳೋ ಮನಸ್ಸಿತ್ತು ಅಂತ.”

ನರ್ಸಮ್ಮ ಬೆಂಚಿನ ಮೇಲೆ ಕೂತು ಉಣ್ಣೆ ದಾರದ ಉಂಡೆಯನ್ನು ಸುತ್ತತೊಡಗಿದರು. “ಮನಸ್ಸು ಆ ಮೆಟ್ಟಿಲ ಮೇಲೇ ಇದೆ ಕಣಮ್ಮಾ. ಮೈ ಬಿಗಿ ಹಿಡಿದಿದ್ರೆ ನಿನ್ನ ಗಂಡನ ಬೆನ್ನು ಅಲ್ಲೇ ಹೋಗ್ತಿತ್ತು. ಆಮೇಲೆ ಮನೇಲಿ ನಿಮ್ಮತ್ತೇನ ಎತ್ತೋರು ಯಾರು ಅಂತ ಸಡಿಲ ಬಿಟ್ಟೆ.” ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, “ಒರಟಾಗಿ ಎಳೆದಿದ್ರೆ ಚೆನ್ನಾಗಿ ಬೈದುಬಿಡ್ತಿದ್ದೆ. ಇಷ್ಟು ಚೆನ್ನಾಗಿ ಎತ್ತೋನಿಗೆ ಏನಂತ ಬೈಯೋದು?” ಎಂದರು.

ಆ ಸಂಜೆ ಗಂಡ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಾಗ ಸೊಸೆ ಈ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಒಂದು ಬೂಟು ಬಿಚ್ಚಿದ್ದ, ಇನ್ನೊಂದು ಕಾಲಲ್ಲೇ ಇತ್ತು.

“ನನ್ನ ಬೆನ್ನಿಗೋಸ್ಕರನಾ?” ಎಂದ.

“ಹೌದು. ಅದನ್ನೇ ನೀವು ಒಪ್ಪಿಗೆ ಅಂದ್ಕೊಂಡಿದ್ದು.”

ಅವನು ಊಟಕ್ಕೆ ಬರಲಿಲ್ಲ. ಹೆಂಡತಿ ತಟ್ಟೆ ಮುಚ್ಚಿಟ್ಟಳು. ಬೆಳಿಗ್ಗೆ ನೋಡಿದರೆ ಮುಚ್ಚಿದ ಹಾಗೇ ಇತ್ತು.

ಆ ವಾರ ಅಂಗಡಿಯಲ್ಲಿ ತುರ್ತು ಕೆಲಸ ಬಂದು ರಜೆಯ ದಿನವೂ ಸೊಸೆ ಹೋಗಬೇಕಾಯಿತು. ಮಗಳು ಗೆಳತಿಯ ಮನೆಗೆ ಓದಲು ಹೋಗಿದ್ದಳು. ಸೊಸೆ ಮಧ್ಯಾಹ್ನ ಓಡೋಡಿ ಬಂದಾಗ ಗಂಡ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಚಾದರ ಒಗೆಯುತ್ತಿದ್ದ. ಅತ್ತೆ ಮಂಚದ ಮೇಲೆಯೇ ಇದ್ದರು, ಒದ್ದೆಯಾದ ಅರ್ಧ ಬಿಟ್ಟು ಇನ್ನೊಂದು ಅರ್ಧಕ್ಕೆ ತೋಳಿನ ಬಲದಿಂದಲೇ ಸರಿದುಕೊಂಡಿದ್ದರು. ಸುತ್ತ ಒಣಗಿದ ಟವೆಲುಗಳಿದ್ದವು.

“ಕೇಳ್ದ,” ಅತ್ತೆ ಸೊಸೆಯ ಕಡೆ ನೋಡದೆ ಹೇಳಿದರು. “ಮೂರ್ನಾಲ್ಕು ಸಲ ಕೇಳ್ದ. ನಾನು ಬೇಡ ಅಂದೆ. ಎತ್ತಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ. ನಂಗೆ ತಡ್ಕೊಳೋಕಾಗ್ಲಿಲ್ಲ.”

“ಅಯ್ಯೋ ಅತ್ತೆ, ಎಂಥಾ ಹಟ ನಿಮ್ಮದು! ಎತ್ತು ಅಂದಿದ್ರೆ ಏನಾಗ್ತಿತ್ತು?”

“ನನ್ನ ಹಟಕ್ಕೆ ಹಾಸಿಗೆ ಒದ್ದೆ ಆಯ್ತು, ನಿಜ.” ಅತ್ತೆ ಒಂದು ಟವೆಲನ್ನು ಮಂಡಿಯ ಮೇಲೆ ಎಳೆದುಕೊಂಡರು. “ಮನೇಲಿ ನನ್ನ ಮಾತು ನಡೆಯುತ್ತೆ ಅಂತ ಗೊತ್ತಾಯ್ತು ಬಿಡು. ಅಲ್ಲಿ ಅವರ ಮಾತು ನಡೆಯುತ್ತಾ ಅಂತ ಅವನನ್ನೇ ಕೇಳು.”

ಹಿತ್ತಲಲ್ಲಿ ಚಾದರ ಹಿಂಡುವ ಸದ್ದು ನಿಂತಿತು. ಗಂಡ ಕೇಳಿಸಿಕೊಂಡಿದ್ದ.

ಅದಾದ ಮುಂದಿನ ಸಭೆಯ ದಿನ ಸಾಹೇಬರು ಕಿಟಕಿಯಿಂದ ಕಣ್ಸನ್ನೆ ಮಾಡಿದರು. ಗಂಡ ಮೆಟ್ಟಿಲ ಬಳಿ ಹೋದ, ಎಂದಿನ ಹಾಗೆ ಕೇಳಿದ, ಎಂದಿನ ಹಾಗೆ ಬೇಡ ಎನಿಸಿಕೊಂಡ. ತಲೆ ಎತ್ತಿ ಕಿಟಕಿಯ ಕಡೆ ನೋಡಿ, “ಬೇಡ ಅಂತಾರೆ ಸಾರ್” ಎಂದು ಕೈ ಕಟ್ಟಿ ನಿಂತುಬಿಟ್ಟ. ಸಾಹೇಬರು ಮತ್ತೊಮ್ಮೆ ಹೇಳಿದರು. ಅವನು ಮತ್ತೊಮ್ಮೆ ಅದನ್ನೇ ಹೇಳಿದ. ಒಳಗೆ ಮೇಲಿನವರು ಬಂದು ಕೂತಿದ್ದರು, ಸಾಹೇಬರ ಮುಖ ಬೆವರಿತ್ತು. ಅವರು ಗೂಳಿಯನ್ನು ಕರೆದರು.

ಇದೆಲ್ಲ ಸೊಸೆಗೆ ತಿಳಿದದ್ದು ಗಂಡ ಹೊತ್ತು ಮುಳುಗಿದ ಮೇಲೆ ಮನೆಗೆ ಬಂದಾಗ. ಸಮವಸ್ತ್ರದ ತೋಳಿನ ಮೇಲೆ ಸುಣ್ಣದಂಥ ಬಿಳಿ ಕಲೆ.

“ಗೂಳಿ ಕೈ ಹಿಡಿದು ಎಳ್ದ,” ಎಂದ. “ನರ್ಸಮ್ಮನ ಮಣಿಕಟ್ಟು ಮುರೀತು. ಟಕ್ ಅಂತ ಸದ್ದು ಬಂತು, ನಂಗೆ ಕೇಳಿಸ್ತು. ಇಲ್ಲಿ ಕೇಂದ್ರಕ್ಕೆ ಬೀಗ. ಎರಡು ಬಸ್ಸು ಬದಲಾಯಿಸಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಪ್ಲಾಸ್ಟರ್ ಹಾಕಿಸ್ಕೊಂಡು ಬಂದೆ. ನಾಳೆಯಿಂದ ಡ್ಯೂಟಿಗೆ ಬರಬೇಡ, ಹೇಳಿ ಕಳಿಸ್ತೀವಿ ಅಂದಿದಾರೆ.”

ಮಗಳು ಅಪ್ಪನ ಕೈಯಿಂದ ಟೋಪಿ ತೆಗೆದುಕೊಂಡು ಮೊಳೆಗೆ ಸಿಕ್ಕಿಸಿದಳು. ಅವಳ ಖಾರವೆಲ್ಲ ಎಲ್ಲಿ ಹೋಯಿತೋ.

ಗಂಡ ತಾಯಿಯ ಕುರ್ಚಿಯ ಮುಂದೆ ಹೋಗಿ ನಿಂತ. “ಈಗ ಹೇಳಮ್ಮಾ. ನಾನು ಎತ್ತಿದ್ರೆ ಒಂದು ಗೀರು ಬೀಳ್ತಿರಲಿಲ್ಲ. ನಿನ್ನ ಮಾತು ಕೇಳಿ ಕೈ ಕಟ್ಕೊಂಡು ನಿಂತೆ, ಅವರ ಕೈ ಮುರೀತು. ಯಾವುದು ಸರಿ? ಹೇಳು, ಯಾವುದು ಸರಿ?”

ಅತ್ತೆ ಅವನ ತೋಳಿನ ಆ ಬಿಳಿ ಕಲೆಯನ್ನು ಬೆರಳಿನಿಂದ ಉಜ್ಜಿದರು.

“ನಂಗೊತ್ತಿಲ್ಲ ಕಣೋ,” ಅಂದರು. “ನಂಗೊತ್ತಿಲ್ಲ. ನರ್ಸಮ್ಮ ಏನಂದ್ರು?”

“ದಾರಿಯಲ್ಲೆಲ್ಲಾ ನನ್ನನ್ನೇ ಸಮಾಧಾನ ಮಾಡ್ತಿದ್ರು. ಎಳೆದೋನು ನೀನಲ್ವಲ್ಲ ಅಂತ. ಇನ್ನೊಂದು ಕೈಯಲ್ಲಿ ನನ್ನ ಬೆನ್ನು ತಟ್ಟುತ್ತಾ ಇದ್ರು.” ದೊಡ್ಡ ಗಂಡಸು, ತಾಯಿಯ ಮಂಡಿಯ ಮೇಲೆ ತಲೆಯಿಟ್ಟು ಹೋ ಎಂದು ಅತ್ತ. ಅತ್ತೆ ಅವನ ಕೂದಲಲ್ಲಿ ಕೈಯಾಡಿಸಿದರು. ಸೊಸೆಯೂ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಅನ್ನಕ್ಕಿಡಲು ಎದ್ದಳು. ಅತ್ತರೂ ಹೊಟ್ಟೆ ಕೇಳಬೇಕಲ್ಲ.

ಮರುದಿನ ಬೆಳಿಗ್ಗೆ ಅವನು ಮಂಚದ ಬಳಿ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಸೊಸೆ ಅತ್ತೆಯ ಬೆನ್ನ ಹಿಂದೆ ಕೈ ಹಾಕಲು ಬಗ್ಗಿದಳು.

“ನೀನು ಬಿಡೆ,” ಎಂದರು ಅತ್ತೆ. ಮಗನ ಕಡೆ ತಿರುಗಿ, “ಅಲ್ಲೇನ್ ಕಂಬದ ಹಾಗೆ ನಿಂತಿದೀಯ? ಕೇಳೋ” ಎಂದರು.

“ಎತ್ತಲಾ ಅಮ್ಮಾ?”

ಅತ್ತೆ ತಲೆದಿಂಬು ಸರಿಮಾಡಿಕೊಂಡರು. ಅವನನ್ನು ಕಾಯಿಸಿದರು. ಅವನು ಕಾದ.

“ಎತ್ತು. ಎತ್ತಿ ಕುರ್ಚಿಗೆ ಹಾಕು. ಆಮೇಲೆ ನಿನ್ನ ಕಚೇರಿ ಹತ್ರ ತಳ್ಕೊಂಡು ನಡಿ. ನರ್ಸಮ್ಮ ಇವತ್ತು ಬರೋಕಾಗಲ್ಲ. ಆ ಜಾಗ ಖಾಲಿ ಇರಬಾರದು.”

“ಅತ್ತೆ!” ಸೊಸೆ ಕೂಗಿದಳು. “ಇವರ ಕೆಲಸ ಇನ್ನೂ ಪೂರ್ತಿ ಹೋಗಿಲ್ಲ. ನೀವು ಅಲ್ಲಿ ಹೋಗಿ ಕೂತ್ರೆ ಅದೂ ಹೋಗುತ್ತೆ. ಮನೆ ನಡೆಯೋದು ಹೇಗೆ?”

“ಅದು ಗಂಡ ಹೆಂಡ್ತಿ ಇಬ್ರೂ ಸೇರಿ ಹೇಳಬೇಕಾದ ಮಾತು. ಬೇಡ ಅಂದ್ರೆ ನಾನು ಇಲ್ಲೇ ಇರ್ತೀನಿ. ನನ್ನ ಕಾಲಿಗೆ ಬೇರೆ ದಾರಿ ಇಲ್ವಲ್ಲ.”

ಗಂಡ ಹೆಂಡತಿಯ ಮುಖ ನೋಡಿದ. ಸೊಸೆಗೆ ಅಂಗಡಿಯ ಯಜಮಾನಿಯ ಗಂಟುಮುಖ ನೆನಪಾಯಿತು, ಮಗಳ ಫೀಸು ನೆನಪಾಯಿತು, ತನ್ನ ಕೈಗೆ ಹಗುರವಾಗಿ ಬಂದ ನರ್ಸಮ್ಮನ ಮೈಯೂ ನೆನಪಾಯಿತು. “ಹೊದೆಯೋಕೆ ಶಾಲು ತಗೊಳ್ಳಿ,” ಎಂದಳು. “ಅಲ್ಲಿ ಗಾಳಿ ಇರುತ್ತೆ.”

ಎರಡು ಬೀದಿ ಕುರ್ಚಿ ತಳ್ಳಿಕೊಂಡು ಹೋದರು. ಮಗಳು ಮುಂದೆ ನೀರಿನ ಬಾಟಲಿ ಹಿಡಿದುಕೊಂಡು, ಗಂಡ ಸಮವಸ್ತ್ರವಿಲ್ಲದೆ ಹಳೆಯ ಅಂಗಿಯಲ್ಲಿ, ಸೊಸೆ ಪಕ್ಕದಲ್ಲಿ. ಕಚೇರಿಯ ಮುಂದೆ ಬಂದಾಗ ಮಗಳು, “ಕುರ್ಚಿಯಲ್ಲೇ ಕೂತಿರಿ ಅಜ್ಜಿ, ಮೆಟ್ಟಿಲು ತಣ್ಣಗಿರುತ್ತೆ” ಎಂದಳು.

“ಕುರ್ಚಿಗೆ ಗಾಲಿ ಇದೆ ಕಣೆ. ಕೇಳದೆ ತಳ್ಕೊಂಡು ಹೋಗಿಬಿಡ್ತಾರೆ. ನನ್ನ ಮೆಟ್ಟಿಲ ಮೇಲೆ ಕೂರಿಸಿ.” ಮಗ ಕೇಳಿದ, ಎತ್ತಿದ. “ನಡುವೆ ಬೇಡ. ಆ ಕಡೆ, ಗೋಡೆಗೆ ಒತ್ತಿ ಇಳಿಸು. ಕೋಲಿನ ಅಜ್ಜ ಬಂದ್ರೆ ದಾರಿ ಬೇಕು.”

ಕಿಟಕಿ ತೆರೆಯಿತು. ಸಾಹೇಬರು ಮೊದಲು ಮುದುಕಿಯನ್ನು, ಆಮೇಲೆ ಗಂಡನನ್ನು ನೋಡಿದರು. “ಏನ್ರೀ ಇದು?” ಎಂದರು. ಗಂಡ ಗಾಲಿಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿದ. “ಗೂಳಿ!” ಎಂದು ಕಿಟಕಿ ಕೂಗಿತು.

ಗೂಳಿ ಬಂದ. ಅವನ ಕಣ್ಣುಗಳು ಊದಿಕೊಂಡಿದ್ದವು, ಹಿಂದಿನ ರಾತ್ರಿ ಅವನೂ ಮಲಗಿದ್ದ ಹಾಗೆ ಕಾಣಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಎರಡೂ ಕೈ ಚಾಚಿದ. ಗಂಡ ಒಂದು ಹೆಜ್ಜೆ ಮುಂದಿಟ್ಟ. ಅತ್ತೆ ಕೈ ಎತ್ತಿ ಅವನನ್ನು ತಡೆದರು.

“ಮಗಾ,” ಎಂದರು ಗೂಳಿಗೆ. “ನಂಗೆ ಸೊಂಟದಿಂದ ಕೆಳಗೆ ಬಲ ಇಲ್ಲ. ನೀನು ಎತ್ತಿದ್ರೆ ತಡೆಯೋಕೆ ನನ್ನ ಕೈಲಾಗಲ್ಲ. ಎತ್ತೋಕೆ ಮುಂಚೆ ಕೇಳು, ಅಷ್ಟೇ. ನಿಮ್ಮ ಸಾಹೇಬ್ರು ಕೇಳಬೇಡ ಅಂದಿಲ್ವಲ್ಲ?”

ಗೂಳಿ ಕಿಟಕಿಯ ಕಡೆ ನೋಡಿದ. ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಅವನು ಮಂಡಿ ಮಡಿಸಿ ಮುದುಕಿಯ ಮುಖದ ಮಟ್ಟಕ್ಕೆ ಕೂತ. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ಧ್ವನಿ ಬರುತ್ತದೆಂದು ಸೊಸೆ ಎಣಿಸಿರಲಿಲ್ಲ.

“ಎತ್ತಲಾ ಅಜ್ಜಿ?”

“ಬೇಡ ಕಣಪ್ಪಾ.”

ಗೂಳಿ ತನ್ನ ಅಂಗೈಗಳನ್ನು ನೋಡಿಕೊಂಡ. ಬಲಗೈ ಬೆರಳುಗಳನ್ನು ಒಮ್ಮೆ ಮಡಿಸಿ ಬಿಡಿಸಿದ. ನಿನ್ನೆಯ ಆ ಟಕ್ ಎಂಬ ಸದ್ದು ಅವನ ಕಿವಿಯಲ್ಲೂ ಇತ್ತೋ ಏನೋ. ಎದ್ದು ನಿಂತು, ಕಿಟಕಿಯ ಕಡೆ ತಿರುಗದೆ, ನೆಲ ನೋಡುತ್ತಾ ಗಟ್ಟಿಯಾಗಿ ಹೇಳಿದ.

“ಬೇಡ ಅಂತಾರೆ ಸಾರ್.”

ಕಿಟಕಿ ಸ್ವಲ್ಪ ಹೊತ್ತು ತೆರೆದೇ ಇತ್ತು. ಆಮೇಲೆ ಮುಚ್ಚಿತು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಮುಂದೇನಾಗುತ್ತದೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಿಂಗೆ ಅಂಗಡಿಗೆ ಹೊತ್ತಾಗುತ್ತೆ, ಹೊರಡು,” ಅತ್ತೆ ಸೊಸೆಗೆ ಹೇಳಿದರು. “ಸಂಜೆ ಬಂದು ಕರ್ಕೊಂಡು ಹೋಗಿ.”

“ಅಲ್ಲಿವರೆಗೆ ಮಧ್ಯ ಬಚ್ಚಲಿಗೆ ಹೋಗಬೇಕಾದ್ರೆ ಯಾರು ಎತ್ತುತ್ತಾರೆ ಅತ್ತೆ? ಇವರನ್ನ ಇಲ್ಲಿ ನಿಲ್ಲೋಕೆ ಬಿಡ್ತಾರೋ ಇಲ್ವೋ.”

ಅತ್ತೆ ಶಾಲನ್ನು ಭುಜದ ಸುತ್ತ ಎಳೆದುಕೊಂಡರು. ಒಂದು ಕಡೆ ಮಗ ನಿಂತಿದ್ದ, ಇನ್ನೊಂದು ಕಡೆ ಗೂಳಿ.

“ಯಾರಾದ್ರೂ ಎತ್ತಲಿ,” ಎಂದರು. “ಕೇಳಿ ಎತ್ತಲಿ.”